ತಗಚೆ ಮತ್ತು ದೊಡ್ಡ ತಗಚೆ: ಗುರುತು, ಉಪಯೋಗ ಮತ್ತು ಎಚ್ಚರಿಕೆ

ಮುಂಗಾರಿನ ಮೊದಲ ಎರಡು ಹದಮಳೆ ಬಿದ್ದು ಎಂಟು ಹತ್ತು ದಿನಗಳಾಗುವಷ್ಟರಲ್ಲಿ ರಸ್ತೆಯ ಬದಿ, ಬೇಲಿಯಂಚು, ಗೋಮಾಳ, ತಿಪ್ಪೆಯ ಸುತ್ತಮುತ್ತ ಒತ್ತೊತ್ತಾಗಿ ಹುಟ್ಟಿಬರುವ ಗಿಡ ತಗಚೆ. ಯಾರೂ ಇದನ್ನು ಬಿತ್ತುವುದಿಲ್ಲ, ಯಾರೂ ಕಾಯುವುದಿಲ್ಲ. ದನಕರುಗಳು ಹಸಿಯಾಗಿ ಇದನ್ನು ಮೇಯುವುದಿಲ್ಲವಾದ್ದರಿಂದ, ಮೇವಿನ ಹುಲ್ಲೆಲ್ಲ ತಿಂದು ಹೋದ ಗೋಮಾಳದಲ್ಲಿ ಕೊನೆಗೆ ಉಳಿಯುವುದೂ ಇದೇ. ಒಂದು ಊರಿನ ಗೋಮಾಳದ ತುಂಬ ತಗಚೆಯೇ ಕಂಡರೆ ಅಲ್ಲಿ ಮೇಯಿಸುವಿಕೆ ಮಿತಿಮೀರಿದೆ ಎಂದು ತಿಳಿಯಲು ಬೇರೆ ಪರೀಕ್ಷೆ ಬೇಡ.

ಆದರೆ ತಗಚೆ ಎಂಬ ಒಂದೇ ಹೆಸರಿನಲ್ಲಿ ನಮ್ಮ ಹಳ್ಳಿಗಳಲ್ಲಿ ಕನಿಷ್ಠ ಎರಡು ಗಿಡಗಳು ಕರೆಯಲ್ಪಡುತ್ತವೆ. ಒಂದರ ಎಳೆಯ ಸೊಪ್ಪು ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದ ಅಡಿಗೆಗೆ ಬರುತ್ತದೆ. ಇನ್ನೊಂದರ ಬೀಜ ತಿಂದು ಉತ್ತರ ಭಾರತದಲ್ಲಿ ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ಆದಕಾರಣ ಇವೆರಡರ ಗುರುತು ಹಿಡಿಯುವುದು ಬರಿಯ ಸಸ್ಯಶಾಸ್ತ್ರದ ಕುತೂಹಲವಲ್ಲ.

ಸಸ್ಯ ಪರಿಚಯ

ಎರಡೂ ದ್ವಿದಳ ಧಾನ್ಯಗಳ ದೊಡ್ಡ ಕುಟುಂಬಕ್ಕೆ ಸೇರಿದವು. ಅವರೆ, ತೊಗರಿ, ಅಲಸಂದೆಗಳಿಗೆ ಇವು ದೂರದ ನೆಂಟರು. ಕಕ್ಕೆ, ತಂಗಡಿಗಳಿಗೆ ಹತ್ತಿರದ ನೆಂಟರು. ಅವರೆಯ ಹೂವು ಚಿಟ್ಟೆಯ ಆಕಾರದ್ದು. ತಗಚೆಯ ಹೂವು ಹಾಗಲ್ಲ. ಐದು ಹಳದಿ ಎಸಳುಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬಿಡಿಬಿಡಿಯಾಗಿ ಅರಳಿರುತ್ತವೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತಗಚೆಗೆ ಕ್ಯಾಸಿಯಾ ಟೋರಾ ಎಂದೂ ದೊಡ್ಡ ತಗಚೆಗೆ ಕ್ಯಾಸಿಯಾ ಆಕ್ಸಿಡೆಂಟಾಲಿಸ್ ಎಂದೂ ಹೆಸರಿಟ್ಟನು. 1982ರಲ್ಲಿ ಕ್ಯಾಸಿಯಾ ಎಂಬ ದೊಡ್ಡ ಜಾತಿಯನ್ನು ಮೂರಾಗಿ ಒಡೆದಾಗ ಇವೆರಡೂ ಸೆನ್ನಾ ಎಂಬ ಜಾತಿಯ ಪಾಲಿಗೆ ಬಂದವು. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಎಂದೂ ಹೊಸವುಗಳಲ್ಲಿ ಸೆನ್ನಾ ಎಂದೂ ಇದ್ದರೆ ಗಿಡ ಬೇರೆಯೆಂದು ಗಾಬರಿಯಾಗಬೇಕಾಗಿಲ್ಲ.

ಆಕ್ಸಿಡೆಂಟಾಲಿಸ್ ಎಂದರೆ ಪಶ್ಚಿಮ ದಿಕ್ಕಿನದು ಎಂದರ್ಥ. ದೊಡ್ಡ ತಗಚೆಯ ತವರು ಅಮೆರಿಕದ ಉಷ್ಣವಲಯ; ಅಲ್ಲಿಂದ ಬಂದು ಭಾರತದುದ್ದಗಲಕ್ಕೂ ಕಾಡುಗಿಡವಾಗಿ ನೆಲೆಗೊಂಡಿದೆ. ಸಂಸ್ಕೃತದ ಕಾಸಮರ್ದ ಎಂಬ ಹೆಸರನ್ನು ಈಗ ಇದಕ್ಕೇ ಹೇಳುವುದುಂಟು. ಹಳೆಯ ಹೆಸರಿದೆ ಎಂದ ಮಾತ್ರಕ್ಕೆ ಗಿಡವೂ ಇಲ್ಲಿಯ ಹಳೆಯದೆಂದು ತೀರ್ಮಾನಿಸಲಾಗದು. ಹೊಸ ಗಿಡ ಬಂದಾಗ ಜನ ಅದಕ್ಕೆ ಕೈಗೆ ಸಿಕ್ಕಿದ ಹಳೆಯ ಹೆಸರನ್ನು ಕೊಡುವುದು ಎಲ್ಲ ಕಡೆಯೂ ಇದೆ.

ತಗಚೆಗೆ ಹೆಸರುಗಳು ಹಲವು. ಬಯಲುಸೀಮೆಯಲ್ಲಿ ತಗಚೆ, ಉತ್ತರ ಕರ್ನಾಟಕದಲ್ಲಿ ತಗಚಿ, ಮಲೆನಾಡು ಮತ್ತು ಕರಾವಳಿಯ ಕನ್ನಡದಲ್ಲಿ ಚಗತೆ ಅಥವಾ ಚಗಟೆ, ತುಳುವಿನಲ್ಲಿ ತಜಂಕ್, ಕೊಂಕಣಿಯಲ್ಲಿ ತಾಯ್ಕಿಳೊ, ಮರಾಠಿಯಲ್ಲಿ ಟಾಕಳಾ. ಸಂಸ್ಕೃತದಲ್ಲಿ ಚಕ್ರಮರ್ದ, ದದ್ರುಘ್ನ. ದದ್ರು ಎಂದರೆ ಹುಳುಕಡ್ಡಿ. ಅದನ್ನು ಕೊಲ್ಲುವಂಥದು ಎಂಬುದೇ ಹೆಸರಿನ ಅರ್ಥ.

ಗುರುತಿಸುವ ಬಗೆ

ತಗಚೆ ಒಂದೇ ವರ್ಷ ಬದುಕುವ ಗಿಡ. ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ, ಹೆಚ್ಚೆಂದರೆ ಒಂದು ಮೀಟರಿನವರೆಗೆ ಬೆಳೆಯುತ್ತದೆ. ಪ್ರತಿ ಎಲೆದಂಟಿನಲ್ಲಿ ಮೂರು ಜೊತೆ ಕಿರುಎಲೆಗಳು. ಕಿರುಎಲೆ ಬುಡದ ಕಡೆ ಕಿರಿದಾಗಿ ತುದಿಯ ಕಡೆ ಅಗಲವಾಗಿ, ತುದಿ ಗುಂಡಗಿರುತ್ತದೆ. ಕೆಳಗಿನ ಜೊತೆ ಎಲೆಗಳ ನಡುವೆ ದಂಟಿನ ಮೇಲೆ ಸೂಜಿಮೊನೆಯಂಥ ಸಣ್ಣ ಗ್ರಂಥಿ ಎದ್ದಿರುವುದನ್ನು ಕಾಣಬಹುದು. ಸಂಜೆಯಾದೊಡನೆ ಎಲೆಗಳು ಮಡಿಚಿಕೊಳ್ಳುತ್ತವೆ. ಹೂವು ಎಲೆಯ ಕಂಕುಳಲ್ಲಿ ಸಾಮಾನ್ಯವಾಗಿ ಎರಡೆರಡು. ಕಾಯಿ ತೆಳುವಾಗಿ, ಕುಡುಗೋಲಿನಂತೆ ಬಾಗಿ, ಗೇಣುದ್ದದವರೆಗೂ ಬೆಳೆಯುತ್ತದೆ. ಬೀಜ ಹೊಳಪುಳ್ಳದ್ದು, ಕಂದುಬಣ್ಣದ್ದು, ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿದಂತೆ ಮೂಲೆಮೂಲೆಯಾಗಿರುತ್ತದೆ.

ದೊಡ್ಡ ತಗಚೆ ಆಳೆತ್ತರಕ್ಕೂ ಹೋಗಬಲ್ಲದು. ಕಾಂಡ ಬುಡದಲ್ಲಿ ಕಟ್ಟಿಗೆಯಂತೆ ಗಟ್ಟಿ. ಕಿರುಎಲೆಗಳು ನಾಲ್ಕೈದು ಜೊತೆ, ಬುಡ ಅಗಲವಾಗಿ ತುದಿ ಚೂಪಾಗಿರುತ್ತದೆ. ಗ್ರಂಥಿ ಕಿರುಎಲೆಗಳ ನಡುವೆ ಇರುವುದಿಲ್ಲ, ಎಲೆದಂಟಿನ ತೀರ ಬುಡದಲ್ಲಿ, ಕಾಂಡಕ್ಕೆ ಅಂಟಿದ ಕಡೆ, ಒಂದೇ ಒಂದು ದಪ್ಪ ಗಂಟಿನಂತೆ ಇರುತ್ತದೆ. ಕಾಯಿ 8ರಿಂದ 12 ಸೆಂ.ಮೀ. ಉದ್ದ, ಚಪ್ಪಟೆ, ಮೇಲ್ಮುಖವಾಗಿ ತುಸು ಬಾಗಿದ್ದು. ಬಲಿತಾಗ ನಡುವೆ ಕಂದು, ಅಂಚಿನಲ್ಲಿ ತಿಳಿ ಬಣ್ಣ. ಬೀಜ ಚಪ್ಪಟೆಯಾದ ಗುಂಡಿಯಂತೆ, ಹೊಳಪಿಲ್ಲದೆ, ನಡುವೆ ಸ್ವಲ್ಪ ತಗ್ಗಾಗಿರುತ್ತದೆ.

ವಾಸನೆಯಿಂದ ಗುರುತಿಸಬಹುದೆಂದು ಹೇಳುವವರಿದ್ದಾರೆ. ದೊಡ್ಡ ತಗಚೆಯ ಎಲೆಯನ್ನು ಹೊಸಕಿದರೆ ಕೆಟ್ಟ ನಾತ ಬರುವುದು ನಿಜ. ಆದರೆ ತಗಚೆಯ ಬಲಿತ ಎಲೆಯೂ ಅಷ್ಟೇನೂ ಸುವಾಸನೆಯದಲ್ಲ. ಮೂಗನ್ನು ನಂಬುವುದಕ್ಕಿಂತ ಕಿರುಎಲೆಗಳನ್ನು ಎಣಿಸಿ, ತುದಿಯನ್ನು ನೋಡುವುದು ಭದ್ರ. ಮೂರು ಜೊತೆ, ತುದಿ ಗುಂಡು: ತಗಚೆ. ನಾಲ್ಕೈದು ಜೊತೆ, ತುದಿ ಚೂಪು: ದೊಡ್ಡ ತಗಚೆ.

ಸೊಪ್ಪು, ಔಷಧಿ, ಬಣ್ಣ

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಬಿಡದೆ ಮಳೆ ಸುರಿಯುವ ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಹಿತ್ತಿಲಿನ ತರಕಾರಿ ಕೈಗೆ ಹತ್ತುವುದಿಲ್ಲ. ಆ ದಿನಗಳಿಗೆ ಒದಗುವ ಸೊಪ್ಪುಗಳಲ್ಲಿ ತಗಚೆಯೂ ಒಂದು. ಎಳೆಯ ಕುಡಿಗಳನ್ನು ಕೊಯ್ದು ಹಲಸಿನ ಬೀಜದೊಡನೆ ಪಲ್ಯ ಮಾಡುತ್ತಾರೆ. ನೆನೆಸಿದ ಅಕ್ಕಿ, ಮೆಣಸಿನಕಾಯಿಗಳೊಡನೆ ರುಬ್ಬಿದ ಹಿಟ್ಟಿಗೆ ಹೆಚ್ಚಿ ಹಾಕಿ ವಡೆ, ದೋಸೆ ಮಾಡುವುದೂ ಇದೆ. ತಂಬುಳಿಗೂ ಆಗುತ್ತದೆ. ಗಿಡ ಹೂ ಬಿಡುವ ಮೊದಲಿನ ಕುಡಿ ಮಾತ್ರ ಅಡಿಗೆಗೆ ಯೋಗ್ಯ. ಬಲಿತ ಮೇಲೆ ಕಹಿ ಮತ್ತು ನಾರು ಹೆಚ್ಚು. ಬೇಯಿಸಿ ನೀರು ಬಸಿದು ಬಳಸುವ ಮನೆಗಳಿವೆ; ಅದು ಒಳ್ಳೆಯ ರೂಢಿ. ಈ ಗಿಡದ ಎಲೆ ಬೀಜಗಳಲ್ಲಿ ಆಂಥ್ರಾಕ್ವಿನೋನ್ ಎಂಬ ಗುಂಪಿನ ರಾಸಾಯನಿಕ ವಸ್ತುಗಳಿದ್ದು ಅವು ಹೊಟ್ಟೆಯನ್ನು ಸಡಿಲಿಸುತ್ತವೆ. ಹಿತಮಿತವಾಗಿ ತಿಂದರೆ ಗುಣ, ದಿನವೂ ತಿಂದರೆ ಭೇದಿ.

ಚರ್ಮದ ಮೇಲಿನ ಹುಳುಕಡ್ಡಿ, ಗಜಕರ್ಣಗಳಿಗೆ ಬೀಜವನ್ನು ಮಜ್ಜಿಗೆ ಅಥವಾ ನಿಂಬೆರಸದಲ್ಲಿ ಅರೆದು ಹಚ್ಚುವುದು ಹಳೆಯ ವಾಡಿಕೆ. ಬೀಜದಲ್ಲಿರುವ ಕ್ರೈಸೊಫನಾಲ್ ಮೊದಲಾದ ವಸ್ತುಗಳನ್ನು ನೋಡಿದರೆ ಈ ವಾಡಿಕೆಗೆ ಆಧಾರವಿದೆ ಎನ್ನಬೇಕು. ಚೀನಾ, ಜಪಾನ್ ದೇಶಗಳಲ್ಲಿ ತಗಚೆ ಮತ್ತು ಅದರ ಅವಳಿಯಂಥ ಇನ್ನೊಂದು ಜಾತಿಯ ಬೀಜವನ್ನು ಹುರಿದು ಚಹಾದಂತೆ ಕುದಿಸಿ ಕುಡಿಯುತ್ತಾರೆ. ದಕ್ಷಿಣ ಭಾರತದ ನೀಲಿ ಬಣ್ಣಗಾರರು ನೀಲಿಯ ಬಾನಿಗೆ ಬೇಯಿಸಿದ ತಗಚೆ ಬೀಜವನ್ನು ಹಾಕುತ್ತಿದ್ದರು. ಬಾನಿ ಹುದುಗು ಬಂದರೆ ಮಾತ್ರ ನೀಲಿ ಕರಗಿ ನೂಲಿಗೆ ಹತ್ತುತ್ತದೆ. ಆ ಹುದುಗಿಗೆ ಈ ಬೀಜದ ಪಿಷ್ಟದಂಥ ಅಂಟು ಆಹಾರವಾಗುತ್ತದೆ.

ಹಸಿರೆಲೆ ಗೊಬ್ಬರವಾಗಿ ತಗಚೆ

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗಿದೆ. ದ್ವಿದಳ ಸಸ್ಯವೆಂದ ಮೇಲೆ ಅದು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಸೇರಿಸುತ್ತದೆ ಎಂದು ರೈತರೂ ಕೆಲವೊಮ್ಮೆ ಗ್ರಾಮಸೇವಕರೂ ಭಾವಿಸುತ್ತಾರೆ. ಸೆಣಬು, ಡಯಾಂಚ, ಅಲಸಂದೆಗಳ ಮಟ್ಟಿಗೆ ಈ ಮಾತು ಸರಿ. ಅವುಗಳ ಬೇರನ್ನು ಮೆಲ್ಲಗೆ ಕಿತ್ತು ತೊಳೆದರೆ ಸಾಸಿವೆಯಿಂದ ಹೆಸರುಕಾಳಿನ ಗಾತ್ರದವರೆಗಿನ ಗಂಟುಗಳು ಕಾಣುತ್ತವೆ; ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಸಾರಜನಕ ಹಿಡಿಯುವ ಸೂಕ್ಷ್ಮಜೀವಿಗಳ ಮನೆ ಅದು. ತಗಚೆಯ ಬೇರನ್ನು ಹಾಗೆಯೇ ಕಿತ್ತು ನೋಡಲಿ, ಗಂಟು ಸಿಗುವುದಿಲ್ಲ. ಸೆನ್ನಾ ಜಾತಿಯ ಗಿಡಗಳ ಬೇರಿನಲ್ಲಿ ಈ ಗಂಟುಗಳಾಗುವುದಿಲ್ಲ. ತಗಚೆಯ ಎಲೆಯಲ್ಲಿರುವ ಸಾರಜನಕವೆಲ್ಲ ಅದು ನಿಂತ ನೆಲದಿಂದಲೇ ಹೀರಿದ್ದು.

ಹಾಗಾದರೆ ಅದನ್ನು ಗದ್ದೆಗೆ ತುಳಿಯುವುದು ವ್ಯರ್ಥವೇ? ಅಲ್ಲ. ಬೀಳುನೆಲದ, ರಸ್ತೆಯಂಚಿನ, ತಿಪ್ಪೆಯ ಬದಿಯ ಸಾರ ಮಳೆನೀರಿನೊಡನೆ ಕೊಚ್ಚಿಯೋ ಬಸಿದೋ ಹೋಗುವುದಕ್ಕೆ ಮೊದಲು ತಗಚೆ ಅದನ್ನು ಎಲೆಯಲ್ಲಿ ಹಿಡಿದಿಡುತ್ತದೆ. ಆ ಸೊಪ್ಪನ್ನು ಕೊಯ್ದು ಗದ್ದೆಗೆ ತಂದರೆ ಗದ್ದೆಗೆ ಲಾಭವೇ ಸರಿ. ಆದರೆ ಅದೇ ಗದ್ದೆಯಲ್ಲಿ ತಗಚೆಯನ್ನು ಬೆಳೆದು ಅಲ್ಲೇ ಉತ್ತರೆ ಸಾರಜನಕದ ಲೆಕ್ಕದಲ್ಲಿ ಹೊಸದಾಗಿ ಜಮೆಯಾಗುವುದೇನೂ ಇಲ್ಲ. ಎಡಗಿಸೆಯಿಂದ ತೆಗೆದು ಬಲಗಿಸೆಗೆ ಹಾಕಿದಷ್ಟೇ. ಸಾವಯವ ಅಂಶ ಮಾತ್ರ ಕೂಡುತ್ತದೆ. ಬಿತ್ತಿ ಬೆಳೆಯಲು ಬಿಡುವೂ ನೀರೂ ಇದ್ದಲ್ಲಿ ಸೆಣಬು ಅಥವಾ ಡಯಾಂಚ ಬಿತ್ತುವುದೇ ಮೇಲು. ತಗಚೆ ಪುಕ್ಕಟೆ ಸಿಗುವ ಸೊಪ್ಪೆಂಬ ಲೆಕ್ಕದಲ್ಲಿ ಬಳಸತಕ್ಕದ್ದು.

ಕೊಯ್ಯುವ ಕಾಲ ಮುಖ್ಯ. ಹೂವು ಕಾಣಿಸಿಕೊಳ್ಳುವ ಹೊತ್ತಿಗೆ, ಕಾಯಿ ಕಟ್ಟುವ ಮೊದಲೇ ಕೊಯ್ಯಬೇಕು. ಕಾಂಡ ಬಲಿತರೆ ಕೆಸರಿನಲ್ಲಿ ಬೇಗ ಕೊಳೆಯುವುದಿಲ್ಲ. ಕಾಯಿ ಬಲಿತ ಗಿಡವನ್ನು ಗದ್ದೆಗಾಗಲಿ ಗೊಬ್ಬರದ ಗುಂಡಿಗಾಗಲಿ ಹಾಕಿದರೆ ಮುಂದಿನ ವರ್ಷಗಳ ಕಳೆಯನ್ನು ತಾನಾಗಿ ಬಿತ್ತಿದಂತೆ. ಬೀಜದ ಸಿಪ್ಪೆ ಬಹಳ ಗಟ್ಟಿ. ನೀರನ್ನು ಒಳಗೆ ಬಿಡದೆ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಸಿಪ್ಪೆ ಸವೆದಾಗ ಸ್ವಲ್ಪಸ್ವಲ್ಪವಾಗಿ ಮೊಳೆಯುತ್ತದೆ. ಒಂದೇ ವರ್ಷ ಕಳೆ ತೆಗೆದು ತಗಚೆ ಹೋಯಿತೆಂದು ಕೈತೊಳೆದುಕೊಳ್ಳುವಂತಿಲ್ಲ.

ಎಲೆಯ ಮೇಲೆ ಹಸಿರು ಹುಳುಗಳು ಕಂಡರೆ ಔಷಧಿ ಸಿಂಪಡಿಸಲು ಓಡಬೇಕಾಗಿಲ್ಲ. ಮಳೆಗಾಲದಲ್ಲಿ ಹಾರಾಡುವ ಹಳದಿ, ತಿಳಿಹಸಿರು ಚಿಟ್ಟೆಗಳ ಮರಿಗಳವು. ತಗಚೆಯನ್ನು ತಿನ್ನುವುದು ಒಂದು ರೀತಿಯಲ್ಲಿ ರೈತನ ಕೆಲಸವೇ.

ದೊಡ್ಡ ತಗಚೆಯ ವಿಷ

ಉತ್ತರ ಪ್ರದೇಶದ ಪಶ್ಚಿಮ ಭಾಗದ ಜಿಲ್ಲೆಗಳಲ್ಲಿ ಬಹು ವರ್ಷಗಳವರೆಗೆ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಎರಡರಿಂದ ಏಳೆಂಟು ವರ್ಷದೊಳಗಿನ, ಅದುವರೆಗೆ ಆಡಿಕೊಂಡಿದ್ದ ಹಳ್ಳಿಯ ಮಗು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡು, ಏನೇನೋ ಬಡಬಡಿಸಿ, ಪ್ರಜ್ಞೆ ತಪ್ಪಿ ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಕಾಯಿಲೆ ಬಿದ್ದವರಲ್ಲಿ ಬಹುಪಾಲು ಮಕ್ಕಳು ಉಳಿಯುತ್ತಿರಲಿಲ್ಲ. ವೈರಸ್‌ನಿಂದ ಬರುವ ಮಿದುಳುಜ್ವರವೆಂದೇ ಎಲ್ಲರೂ ತಿಳಿದಿದ್ದರು. ಬಿಜ್ನೋರಿನ ಮಕ್ಕಳ ವೈದ್ಯ ಡಾ. ವಿಪಿನ್ ವಶಿಷ್ಠ, ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು ಕಾಯಿಲೆಯಾದ ಮಕ್ಕಳನ್ನೂ ಆರೋಗ್ಯವಂತ ಮಕ್ಕಳನ್ನೂ ಹೋಲಿಸಿ ನೋಡಿ, ಈ ಸಾವುಗಳಿಗೂ ದೊಡ್ಡ ತಗಚೆಯ ಬೀಜ ತಿಂದದ್ದಕ್ಕೂ ಇರುವ ನಂಟನ್ನು 2007ರಲ್ಲಿ ಪ್ರಕಟಿಸಿದರು. ವಿಷ ಏಕಕಾಲಕ್ಕೆ ಪಿತ್ತಜನಕಾಂಗವನ್ನೂ ಸ್ನಾಯುಗಳನ್ನೂ ಮಿದುಳನ್ನೂ ಹಿಡಿಯುತ್ತದೆ. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯಲ್ಲಿ ಬಹಳ ಮಕ್ಕಳು ಸತ್ತಾಗಲೂ, ಅಲ್ಲಿ ಜಪಾನೀಸ್ ಮಿದುಳುಜ್ವರ ಇದ್ದಿತಾದರೂ, ಪರಿಣತರ ತಂಡವೊಂದು ಈ ಬೀಜದ ವಿಷವನ್ನೂ ಕಾರಣವೆಂದು ಬೆರಳು ಮಾಡಿತು. ಅಲ್ಲಿನವರು ಈ ಗಿಡವನ್ನು ಬಡಾ ಚಕುಂಡಾ, ಅಂದರೆ ದೊಡ್ಡ ತಗಚೆ ಎಂದೇ ಕರೆಯುತ್ತಾರೆ.

ಮಕ್ಕಳು ಅದನ್ನು ತಿನ್ನುವುದೇಕೆ ಎಂಬುದಕ್ಕೆ ಗಿಡ ಬೆಳೆಯುವ ಜಾಗವನ್ನು ನೋಡಿದರೆ ಸಾಕು. ಕಾಡಿನೊಳಗಲ್ಲ, ಮನೆಯ ಹಿಂದಿನ ಹಾಳುಜಾಗದಲ್ಲಿ, ಹಟ್ಟಿಯ ಗೋಡೆಯ ಬದಿಯಲ್ಲಿ, ಶಾಲೆಯ ಬೇಲಿಯಲ್ಲಿ ಅದು ನಿಂತಿರುತ್ತದೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಹಸಿರು ಕಾಯಿ ಮಕ್ಕಳ ಕೈಗೆಟಕುವ ಎತ್ತರದಲ್ಲಿರುತ್ತದೆ. ಹೊಲದಲ್ಲಿ ಹೆಸರುಕಾಯಿ, ಅವರೆಕಾಯಿ ಬಿಡಿಸಿ ತಿಂದು ರೂಢಿಯಿರುವ ಮಗುವಿಗೆ ಇದೂ ಒಂದು ಕಾಯಿ.

ಈ ವಿಷಕ್ಕೆ ಪ್ರತಿವಿಷವಿಲ್ಲ. ಮಗು ಈ ಬೀಜ ತಿಂದಿದೆಯೆಂದು ಸಂಶಯ ಬಂದರೂ ವಾಂತಿ, ಬಡಬಡಿಕೆ ಶುರುವಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಕಾಯಿ ಸಹಿತ ಒಂದು ಟೊಂಗೆಯನ್ನು ವೈದ್ಯರಿಗೆ ತೋರಿಸಲು ಜೊತೆಗೆ ಕೊಂಡೊಯ್ಯುವುದು ಬಹಳ ಉಪಯುಕ್ತ. ಇಲ್ಲವಾದರೆ ಮಿದುಳುಜ್ವರವೆಂದು ತಿಳಿಯುವ ಸಂಭವವಿದೆ.

ದನ, ಆಡು, ಹಂದಿ, ಕುದುರೆ, ಕೋಳಿಗಳಿಗೂ ಇದು ವಿಷವೇ. ಹಸಿ ಗಿಡವನ್ನು ದನ ತಾನಾಗಿ ಮೂಸುವುದಿಲ್ಲ. ಅಪಾಯ ಬರುವುದು ಕಣದ ದಾರಿಯಿಂದ. ಸೋಯಾ, ಜೋಳದ ಹೊಲದಲ್ಲಿ ಉಳಿದ ದೊಡ್ಡ ತಗಚೆ ಬೆಳೆಯೊಡನೆಯೇ ಕೊಯ್ಲಾಗಿ, ಬೀಜ ಕಾಳಿನೊಡನೆ ಬೆರೆತು ಹಿಂಡಿಗೂ ಕೋಳಿಯ ಆಹಾರಕ್ಕೂ ಸೇರುತ್ತದೆ. ವಿಷ ತಿಂದ ದನಕ್ಕೆ ಮೊದಲು ಭೇದಿ; ಬಳಿಕ ಹಿಂಗಾಲು ತಡವರಿಸುತ್ತದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಮಲಗಿದಲ್ಲಿಂದ ಏಳುವುದಿಲ್ಲ. ಮಲಗಿದ ಮೇಲೂ ಕೆಲವು ದನಗಳು ಮೇವು ತಿನ್ನುತ್ತಲೇ ಇರುವುದರಿಂದ ಮಾಲೀಕರು ಸುಧಾರಿಸೀತೆಂದು ಕಾಯುತ್ತಾರೆ. ಕಾಯಬಾರದು, ಸಂಶಯದ ಮೇವನ್ನು ಕೂಡಲೇ ನಿಲ್ಲಿಸಿ ಪಶುವೈದ್ಯರನ್ನು ಕರೆಸಬೇಕು.

ದೊಡ್ಡ ತಗಚೆಯ ಬೀಜವನ್ನು ಹುರಿದು ಕಾಫಿಯ ಬದಲು ಕುಡಿಯುವ ಪದ್ಧತಿ ಹಲವು ದೇಶಗಳಲ್ಲಿ ಇದ್ದಿತು. ಹುರಿದರೆ ವಿಷ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಎಷ್ಟು ಹುರಿದರೆ ಸಾಕೆಂದು ಮನೆಯ ಬಾಣಲೆಯಲ್ಲಿ ಅಳೆಯುವ ಉಪಾಯವಿಲ್ಲ. ಈ ಗಿಡದ ಸೊಪ್ಪು, ಬೀಜಗಳ ಮನೆಮದ್ದುಗಳನ್ನು, ಅವು ಎಷ್ಟೇ ಹಳೆಯವಾಗಿರಲಿ, ಬಿಟ್ಟುಬಿಡುವುದೇ ಲೇಸು.

ವಿಸ್ತರಣಾ ಕಾರ್ಯಕರ್ತರು ಇದನ್ನು ಹಳ್ಳಿಯಲ್ಲಿ ಹೇಳುವಾಗ ಜಾಣತನ ಬೇಕು. ತಗಚೆ ವಿಷ ಎಂದು ಸಾರಿಬಿಟ್ಟರೆ ಜನ ಒಳ್ಳೆಯ ಸೊಪ್ಪನ್ನು ಕಳೆದುಕೊಳ್ಳುತ್ತಾರೆ, ತಲೆಮಾರಿನಿಂದ ತಿಂದವರು ಮಾತನ್ನು ನಂಬುವುದೂ ಇಲ್ಲ. ತಗಚೆ ಒಳ್ಳೆಯದು ಎಂದಷ್ಟೇ ಹೇಳಿದರೆ ಗೊತ್ತಿಲ್ಲದವರು ಯಾವುದೋ ಒಂದನ್ನು ಕೊಯ್ದಾರು. ಎರಡು ಗಿಡಗಳನ್ನೂ ಬೇರುಸಹಿತ ಕಿತ್ತು ತಂದು ಶಾಲೆಯ ಜಗಲಿಯಲ್ಲಿ, ಅಂಗನವಾಡಿಯಲ್ಲಿ ಪಕ್ಕಪಕ್ಕ ಇಟ್ಟು ತೋರಿಸುವುದಕ್ಕಿಂತ ಒಳ್ಳೆಯ ಪಾಠವಿಲ್ಲ. ಆಗಸ್ಟ್ ತಿಂಗಳಲ್ಲಿ, ಹೂವಿಗೆ ಮೊದಲು, ಮನೆ ಮತ್ತು ಶಾಲೆಗಳ ಸುತ್ತಲಿನ ದೊಡ್ಡ ತಗಚೆಯನ್ನು ಬುಡಸಮೇತ ಕಿತ್ತರೆ ಆ ವರ್ಷದ ಅಪಾಯ ತಪ್ಪಿತು. ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಕೀಳುವುದೂ ಸುಲಭ.

ಬೀಜ ಸಂಗ್ರಹಿಸಿ ಮಾರುವವರಿಗೆ

ತಗಚೆಯ ಬೀಜದ ಒಳತಿರುಳಿನಿಂದ ಗೋರಿಕಾಯಿ ಅಂಟಿನಂಥದೇ ಒಂದು ಅಂಟನ್ನು ತೆಗೆಯುತ್ತಾರೆ. ಸಾಕುನಾಯಿ ಬೆಕ್ಕುಗಳ ಡಬ್ಬಿ ಆಹಾರ ಗಟ್ಟಿಯಾಗಿ ನಿಲ್ಲಲು ಇದನ್ನು ಬೆರೆಸುತ್ತಾರೆ. ಭಾರತದಿಂದ ಹೊರದೇಶಗಳಿಗೆ ರಫ್ತಾಗುತ್ತದೆ. ಇಲ್ಲಿಯೂ ದೊಡ್ಡ ತಗಚೆಯೇ ಅಡ್ಡ ಬರುತ್ತದೆ. ಆಹಾರಕ್ಕೆ ಬಳಸುವ ಈ ಅಂಟಿನ ಬೀಜದಲ್ಲಿ ದೊಡ್ಡ ತಗಚೆಯ ಬೀಜ ಶೇಕಡಾ 0.05ಕ್ಕಿಂತ ಕಡಿಮೆ ಇರಬೇಕೆಂದು ಐರೋಪ್ಯ ಒಕ್ಕೂಟದ ನಿಯಮವಿದೆ. ಅಂದರೆ ಒಂದು ಕ್ವಿಂಟಾಲಿಗೆ 50 ಗ್ರಾಂಗೂ ಕಡಿಮೆ. ಒಂದು ಬೊಗಸೆ ಬೆರೆತರೂ ಚೀಲ ತಿರಸ್ಕೃತವಾಗಬಹುದು. ಕಾಯಿ ಕೊಯ್ಯುವಾಗಲೇ ಉದ್ದನೆಯ ಕುಡುಗೋಲು ಕಾಯಿಗಳನ್ನು ಮಾತ್ರ ಆರಿಸಿ, ಬೇರೆ ಕಣದಲ್ಲಿ ಒಣಗಿಸಿ ಬಡಿಯಬೇಕು. ಬೆರೆತ ಮೇಲೆ ಜರಡಿಯಿಂದ ಬೇರ್ಪಡಿಸುವುದು ಕಷ್ಟದ ಕೆಲಸ. ತಗಚೆಯ ಹಸಿ ಬೀಜವನ್ನೂ ದನಗಳಿಗೆ ಹೆಚ್ಚಾಗಿ ಹಾಕುವುದು ಸರಿಯಲ್ಲ. ಬೇಯಿಸಿ, ಇತರ ಹಿಂಡಿಯೊಡನೆ ಸ್ವಲ್ಪವೇ ಬೆರೆಸಬೇಕು.

ಪಾರ್ಥೇನಿಯಂ ವಿರುದ್ಧ ಇನ್ನೊಂದು ನೆಂಟ

ಇದೇ ಗುಂಪಿನ ಮೂರನೆಯ ಗಿಡ ಸೆನ್ನಾ ಯೂನಿಫ್ಲೋರಾ. ಇದೂ ಅಮೆರಿಕದಿಂದ ಬಂದು ನೆಲೆಸಿದ್ದು. ಹಿಂದೆ ಕ್ಯಾಸಿಯಾ ಸೆರಿಸಿಯಾ ಎನ್ನುತ್ತಿದ್ದರು. ಮೈಯೆಲ್ಲ ರೇಷ್ಮೆಯಂಥ ಕಂದು ರೋಮ, ಪ್ರತಿ ಜೊತೆ ಕಿರುಎಲೆಗಳ ನಡುವೆಯೂ ಗ್ರಂಥಿ, ಕಾಯಿ ಗಿಡ್ಡವಾಗಿ ಬೀಜಬೀಜದ ನಡುವೆ ಅಮುಕಿದಂತಿರುವುದು ಇದರ ಗುರುತು. ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಕಳೆ ತುಂಬಿದ ಬೀಳುನೆಲದಲ್ಲಿ ಇದು ಒತ್ತಾಗಿ ಬೆಳೆದು ಕಳೆಯನ್ನು ಅದುಮಿಡುವುದನ್ನು ಕರ್ನಾಟಕದಲ್ಲಿ ವಿಜ್ಞಾನಿಗಳು ಗಮನಿಸಿ ಪ್ರಯೋಗಗಳನ್ನು ನಡೆಸಿದರು. 1984ರಲ್ಲಿ ಬೆಂಗಳೂರಿನಲ್ಲಿ ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬಿಡುಗಡೆ ಮಾಡಲಾಯಿತು; ದುಂಬಿಗಳು ಮಣ್ಣಿನೊಳಗೆ ಅಡಗಿರುವ ಒಣ ತಿಂಗಳುಗಳ ಬಳಿಕ, ಮೊದಲ ಮಳೆಗೆ ಕಳೆ ಮತ್ತೆ ಮೊಳೆಯುವಾಗ ಯೂನಿಫ್ಲೋರಾ ಜಾಗ ಹಿಡಿದಿದ್ದರೆ ಅನುಕೂಲ.

ಇದೂ ಒಂದು ಕಳೆಯೇ. ಉಳುವ ಹೊಲದ ಪಕ್ಕದಲ್ಲಿ ಬೀಜ ಚೆಲ್ಲುವುದು ತರವಲ್ಲ. ಮೈಕೆರೆತ, ಉಬ್ಬಸ ತರುವ ಕಳೆಯ ಜಾಗಕ್ಕೆ ಅಂಥ ಬಾಧೆಯಿಲ್ಲದ ಗಿಡವೊಂದನ್ನು ತಂದಂತಾಗುತ್ತದೆ ಎಂಬಷ್ಟೇ ಇದರ ಬೆಲೆ. ರಸ್ತೆಯ ಬದಿ, ರೈಲುದಾರಿಯ ಅಂಚು, ಬಡಾವಣೆಯ ಖಾಲಿ ಜಾಗಗಳಿಗೆ ಇದು ಹೊಂದುತ್ತದೆ. ಚಳಿಗಾಲದ ಆರಂಭದಲ್ಲಿ ಬಲಿತ ಕಾಯಿ ಆರಿಸಿ ಒಣಗಿಸಿಟ್ಟುಕೊಂಡು, ಮರುವರ್ಷ ಮುಂಗಾರಿಗೆ ಮುನ್ನ ನೆಲವನ್ನು ಅಲ್ಲಲ್ಲಿ ಕೆದಕಿ ಬೀಜ ಚೆಲ್ಲಬೇಕು. ಸಿಪ್ಪೆ ಗಟ್ಟಿಯಾದ್ದರಿಂದ ಚೆಲ್ಲುವ ಮೊದಲು ಬೀಜವನ್ನು ಒರಟು ಮರಳಿನೊಡನೆ ಚೀಲದಲ್ಲಿ ಹಾಕಿ ಚೆನ್ನಾಗಿ ಉಜ್ಜಿದರೆ ಹೆಚ್ಚು ಬೀಜಗಳು ಮೊದಲ ಮಳೆಗೇ ಮೊಳೆಯುತ್ತವೆ.